ಸ್ವಲ್ಪ ಹಾಟ್‌ಸ್ಪಾಟ್ ಹಾಕ್ತೀರಾ?

ನಮ್ಮ ಮಲೆನಾಡಿನ ಮನೆಗಳಲ್ಲಿ ನೆಟ್‌ವರ್ಕಿಗೆ ಅಂತಲೇ ಒಂದು ಜಾಗ ಇದ್ದೇ ಇರುತ್ತದೆ, ನೋಡಿ. ಕೆಲವರ ಮನೆಯಲ್ಲಿ ಅದು ಮಹಡಿ ಕಿಟಕಿ, ಕೆಲವರಲ್ಲಿ ಜಗಲಿಯ ಕೊನೇ ಕಂಬ, ಇನ್ನು ಕೆಲವರಲ್ಲಿ ಕೊಟ್ಟಿಗೆ ಆಚೆಯ ಪೇರಲೆ ಮರದ ಬುಡ. ಮನೆ ಕಟ್ಟುವಾಗ ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ. ಫೋನು ಕೈಯಲ್ಲಿ ಹಿಡಿದು ಅಂಗಳವೆಲ್ಲ ಸುತ್ತಿ ಸುತ್ತಿ ಕಂಡುಕೊಂಡದ್ದು. ಕಂಡುಕೊಂಡ ಮೇಲೆ ಮನೆಮಂದಿಗೆಲ್ಲ ಅದು ಬಾಯಿಪಾಠ. ‘ಕಿಟಕಿ ಹತ್ರ ಹೋಗಿ ಮಾತಾಡು’ ಅಂದರೆ ಯಾವ ಕಿಟಕಿ ಅಂತ ಯಾರೂ ಕೇಳುವುದಿಲ್ಲ. ಒಂದು ಗೇಣು ಈಚೆ ಬಂದರೂ ಇಲ್ಲ, ಆಚೆ ಹೋದರೂ ಇಲ್ಲ. ನಿಮ್ಮ ಮನೆಯದ್ದೂ ಹಾಗೇ ಅಲ್ವಾ?

ಪೇಟೆಯವರಿಗೆ ಹಾಟ್‌ಸ್ಪಾಟ್ ಅಂದರೆ ರೈಲಲ್ಲೋ ಕಾರಲ್ಲೋ ಕೂತು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುವ ಉಪಾಯ. ನಮ್ಮಲ್ಲಿ ಅದರ ಕೆಲಸವೇ ಬೇರೆ. ಕಿಟಕಿಯಲ್ಲಿ ಸಿಕ್ಕಿದ್ದನ್ನು ಅಡುಗೆಮನೆಗೆ ತರಬೇಕು. ಟವರ್ ಎಲ್ಲೋ ಎರಡು ಗುಡ್ಡದ ಆಚೆ, ಅದರ ಅಲೆ ಕಿಟಕಿ ಸರಳಿನವರೆಗೆ ಹೇಗೋ ಬಂದು ನಿಲ್ಲುತ್ತದೆ. ಅಲ್ಲಿ ಒಂದು ಫೋನ್ ಇಟ್ಟು ಹಾಟ್‌ಸ್ಪಾಟ್ ಹಾಕಿದರೆ ಆ ಫೋನು ಒಂದು ಕಡೆ ಟವರಿನ ಜೊತೆ, ಇನ್ನೊಂದು ಕಡೆ ವೈಫೈಯಲ್ಲಿ ಮನೆಯೊಳಗಿನ ಫೋನುಗಳ ಜೊತೆ ಒಟ್ಟೊಟ್ಟಿಗೇ ಮಾತಾಡುತ್ತದೆ. ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರ ಸೀಳಿದ ದೋಣಿಯಲ್ಲಿ ಬಚ್ಚಲುಮನೆವರೆಗೆ ತಂದುಕೊಳ್ಳುತ್ತಿದ್ದರಲ್ಲ ಹಿರಿಯರು, ಅದೇ ಕೆಲಸ. ನೀರು ಎಲ್ಲಿದೆಯೋ ಅಲ್ಲಿ ಮನೆ ಕಟ್ಟುವುದಲ್ಲ, ಮನೆ ಎಲ್ಲಿದೆಯೋ ಅಲ್ಲಿಗೆ ನೀರು ತರುವುದು.

ಆ ಸಣ್ಣ ಫೋನು ಎಷ್ಟು ಕೆಲಸ ಮಾಡುತ್ತದೆ ಅಂತ ಯೋಚಿಸಿದ್ದೀರಾ? ಟವರು ಅದಕ್ಕೆ ಕೊಟ್ಟಿರುವುದು ಒಂದೇ ವಿಳಾಸ. ಇದಕ್ಕೆ ಅಂಟಿಕೊಂಡ ಪ್ರತಿಯೊಂದಕ್ಕೂ ಇದೇ ಒಂದೊಂದು ಒಳವಿಳಾಸ ಕೊಡುತ್ತದೆ. ಮಗಳು ಪಾಠದ ವಿಡಿಯೋ ಕೇಳಿದಳು, ಅಪ್ಪ ಅಡಿಕೆ ಧಾರಣೆ ಕೇಳಿದರು, ಅಮ್ಮ ಯಕ್ಷಗಾನ ಹಾಕಿದರು. ಹೊರಗಿನಿಂದ ಎಲ್ಲ ಬರುವುದು ಒಂದೇ ಹೆಸರಿಗೆ. ಯಾವುದು ಯಾರು ಕೇಳಿದ್ದು ಅಂತ ನೆನಪಿಟ್ಟುಕೊಂಡು ಅವರವರಿಗೇ ಹಂಚುವುದು ಕಿಟಕಿಯಲ್ಲಿ ಕೂತ ಫೋನು. ಹಳೇ ಆಂಡ್ರಾಯ್ಡ್ ಫೋನುಗಳಲ್ಲಿ ಈ ಒಳವಿಳಾಸ ಯಾವಾಗಲೂ 192.168.43 ಅಂತಲೇ ಶುರುವಾಗುತ್ತಿತ್ತು, ಯಾವ ಊರಿಗೆ ಹೋದರೂ ಯಾರ ಕೈಯಲ್ಲಿದ್ದರೂ. ಐಫೋನಿನದ್ದು 172.20.10. ಇಂಥವನ್ನೆಲ್ಲ ಯಾಕೆ ನೆನಪಿಟ್ಟುಕೊಂಡಿದ್ದೀರಿ ಅಂತ ಕೇಳಬೇಡಿ, ಇಂಥ ಸಣ್ಣ ಸಂಗತಿ ನನಗೆ ಭಾರಿ ಇಷ್ಟ.

ಮಣ್ಣಿನ ಗೋಡೆಯ ಮನೆಯವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹಾಟ್‌ಸ್ಪಾಟಿನ ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಇರುತ್ತದಲ್ಲ. ಐದರದ್ದು ಓಟ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಅಲ್ಲೇ ನಿಂತಿತು. 2.4ರದ್ದು ನಿಧಾನ, ಆದರೆ ಗೋಡೆ ದಾಟಿಕೊಂಡು ದೂರ ಬರುತ್ತದೆ. ಅಂಗಡಿಯವರು ಐದನ್ನೇ ಹೊಗಳುತ್ತಾರೆ. ನಮ್ಮ ಒಂದು ಮೊಳ ದಪ್ಪದ ಗೋಡೆಗೆ, ಅದರಲ್ಲೂ ಮಳೆಗಾಲದಲ್ಲಿ ತೇವ ಕುಡಿದು ಕೂತ ಗೋಡೆಗೆ, 2.4ರದ್ದೇ ಸರಿ. ಅದಕ್ಕೂ ಒಂದು ಕಾಟ ಇದೆ. ಮೈಕ್ರೋವೇವ್ ಓವನ್ನು ಅನ್ನ ಬಿಸಿ ಮಾಡುವುದೂ ಹತ್ತಿರ ಹತ್ತಿರ ಅದೇ 2.45 ಗಿಗಾಹರ್ಟ್ಸಿನಲ್ಲಿ. ಪೇಟೆಯ ನೆಂಟರ ಮನೆಯಲ್ಲಿ ಊಟದ ಹೊತ್ತಿಗೆ ವಿಡಿಯೋ ತಟಕ್ಕನೆ ನಿಂತು, ಓವನ್ ‘ಟಿಂಗ್’ ಅಂದಮೇಲೆ ಮತ್ತೆ ಓಡುವುದನ್ನು ನೋಡಿದ್ದೀರಾ? ದೆವ್ವ ಭೂತ ಅಲ್ಲ ಮಾರಾಯ್ರೇ, ಆ ಓವನ್ನು.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ಸಂಗತಿ ವೈಫೈ ಕಾಲಿಂಗು. 2019ರ ಕೊನೆ, 2020ರ ಮೊದಲಿಗೆ ನಮ್ಮ ದೇಶದ ದೊಡ್ಡ ಕಂಪನಿಗಳು ಅದನ್ನು ಶುರು ಮಾಡಿದವು. ಅಂದರೆ ಟವರ್ ಸಿಗದಿದ್ದರೂ ವೈಫೈ ಇದ್ದರೆ ನಮ್ಮ ಮಾಮೂಲಿ ನಂಬರಿನಿಂದಲೇ ಕರೆ ಮಾಡಬಹುದು. ಇದರಲ್ಲಿ ಒಂದು ಸ್ವಾರಸ್ಯ ಇದೆ. ಮೇಲಿನಮನೆ ಅಜ್ಜಿಯ ಸಿಮ್ಮು ಒಂದು ಕಂಪನಿಯದ್ದು, ಅದರ ಟವರು ನಮ್ಮೂರಿಗೆ ಬರುವುದೇ ಇಲ್ಲ. ನಮ್ಮದು ಇನ್ನೊಂದು ಕಂಪನಿ, ಅದು ಕಿಟಕಿವರೆಗೆ ಬರುತ್ತದೆ. ಅಜ್ಜಿ ನಮ್ಮ ಜಗಲಿಗೆ ಬಂದು ಕೂತರೆ ಅವರ ಫೋನು ನಮ್ಮ ಹಾಟ್‌ಸ್ಪಾಟ್ ಹಿಡಿದು, ಅದರ ಮೂಲಕ ಅವರದೇ ಕಂಪನಿಗೆ ಹೋಗಿ, ಅವರದೇ ನಂಬರಿನಿಂದ ಬೆಂಗಳೂರಿನ ಮೊಮ್ಮಗನಿಗೆ ಕರೆ ಹೋಗುತ್ತದೆ. ಪೇಟೆಯಲ್ಲಿ ಆ ಎರಡು ಕಂಪನಿಗಳಿಗೂ ಜಗ್ಗಾಟ. ನಮ್ಮ ಜಗಲಿಯಲ್ಲಿ ಒಂದರ ಹೆಗಲ ಮೇಲೆ ಇನ್ನೊಂದು ಕೂತಿರುತ್ತದೆ. ಚಂದ ಅಲ್ವಾ? ಅಜ್ಜಿಯ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಇರಬೇಕು, ಅಷ್ಟೇ. ಹೆಚ್ಚಿನ ಫೋನುಗಳಲ್ಲಿ ಆ ಸೌಲಭ್ಯ ಇದ್ದರೂ ಅದನ್ನು ಯಾರೂ ತೆರೆದು ನೋಡಿರುವುದಿಲ್ಲ.

ಅಜ್ಜಿ ಜಗಲಿಯಲ್ಲಿ ಕೂತು ಮಾತಾಡುವುದನ್ನು ನೋಡಿದಾಗೆಲ್ಲ ಹಳೇ ಪಿ.ಪಿ. ನಂಬರು ನೆನಪಾಗುತ್ತದೆ. ನಿಮಗೂ ನೆನಪಿರಬೇಕು. ಆಗ ಊರಿಗೆ ಒಂದೋ ಎರಡೋ ಮನೆಗೆ ಫೋನು. ಮದುವೆ ಕಾಗದದಲ್ಲಿ, ಅರ್ಜಿಗಳಲ್ಲಿ ಆ ಮನೆಯ ನಂಬರನ್ನೇ ಬರೆದು ಪಕ್ಕಕ್ಕೆ ಪಿ.ಪಿ. ಅಂತ ಹಾಕುತ್ತಿದ್ದರು. ನಂಬರು ಪಕ್ಕದ ಮನೆಯದ್ದು, ಕರೆದರೆ ನಾವು ಬರುತ್ತೇವೆ ಅಂತ. ‘ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ, ಕರೆಸ್ತೇವೆ’ ಅಂತ ಹೇಳಿ ಮನೆಯ ಹುಡುಗರನ್ನು ತೋಟದ ದಾರಿಯಲ್ಲಿ ಓಡಿಸುತ್ತಿದ್ದರು. ಓಡಿ ಬಂದವರು ಏದುಸಿರು ಬಿಡುತ್ತ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಟೆ ಬಾರಿಸುವುದನ್ನೇ ಕಾಯುತ್ತಿದ್ದರು. ಫೋನು ಇದ್ದ ಮನೆಯವರು ಅದನ್ನೊಂದು ಉಪಕಾರ ಅಂತ ಎಣಿಸುತ್ತಿರಲಿಲ್ಲ. ಬಂದವರಿಗೆ ಒಂದು ಲೋಟ ಕಾಫಿ ಬೇರೆ. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಕೆಲಸ ಸಿಕ್ಕ ಸುದ್ದಿ ಎಲ್ಲವೂ ಆ ಮನೆಯ ನಡುಮನೆಯಲ್ಲಿ ಹಾದುಹೋಗಿವೆ. ಆಮೇಲೆ ಮನೆಮನೆಗೆ ಫೋನು ಬಂತು, ಕೈಕೈಗೆ ಬಂತು, ಪಿ.ಪಿ. ಮಾಯ. ಯಾರೂ ಯಾರ ಮನೆಗೂ ಫೋನಿಗಾಗಿ ಹೋಗಬೇಕಾಗಿಲ್ಲ ಅನ್ನುವ ಹೊತ್ತಿಗೆ ಈ ಹಾಟ್‌ಸ್ಪಾಟು ಬಂದು ಮತ್ತೆ ಜಗಲಿಗೆ ಕರೆಸಿಕೊಂಡಿತು.

ಕೊರೋನಾ ಕಾಲದಲ್ಲಂತೂ ಕೇಳಬೇಡಿ. ಶಾಲೆ ಬಾಗಿಲು ಹಾಕಿ, ಪಾಠವೆಲ್ಲ ಫೋನಿಗೆ ಬಂತಲ್ಲ. ಸುಳ್ಯ ತಾಲೂಕಿನ ಬಳ್ಳಕದಲ್ಲಿ ಮಗಳು ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವುದು, ಅಪ್ಪ ಕೊಡೆ ಹಿಡಿದು ನಿಂತಿರುವುದು, ಆ ಫೋಟೊ 2021ರ ಜೂನಿನಲ್ಲಿ ಎಲ್ಲರ ಫೋನಿಗೂ ಬಂದಿತ್ತು. ನೋಡಿದವರಿಗೆ ಗಂಟಲು ಕಟ್ಟಿತು. ನಮಗೆ ಅದು ದೂರದ ಸುದ್ದಿಯಾಗಿರಲಿಲ್ಲ. ನಮ್ಮಲ್ಲೂ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಸೋಗೆ ಹೊದಿಸಿದ ಗುಡಿಸಲು ಹಾಕಿಕೊಂಡು ಕೂತಿರಲಿಲ್ವಾ? ಅಲ್ಲೂ ಎಲ್ಲರ ಸಿಮ್ಮಿಗೂ ಸಿಗ್ನಲ್ ಇರುತ್ತಿರಲಿಲ್ಲ. ಯಾರದ್ದಕ್ಕೆ ಇತ್ತೋ ಅವರ ಫೋನು ನಡುವೆ, ಉಳಿದವರು ಸುತ್ತ. ಒಬ್ಬೊಬ್ಬರದ್ದು ಒಂದೊಂದು ತರಗತಿ, ಒಂದೊಂದು ಶಾಲೆ. ಹತ್ತಕ್ಕಿಂತ ಹೆಚ್ಚು ಫೋನು ಹತ್ತಿಸಿಕೊಳ್ಳಲು ಹೆಚ್ಚಿನ ಫೋನುಗಳು ಒಪ್ಪುವುದಿಲ್ಲ, ಹಾಗಾಗಿ ದೊಡ್ಡವರ ಪಾಠ ಮೊದಲು, ಚಿಕ್ಕವರದ್ದು ಆಮೇಲೆ ಅಂತ ಮಕ್ಕಳೇ ಸರದಿ ಮಾಡಿಕೊಂಡಿದ್ದರು. ಇಷ್ಟು ಅಚ್ಚುಕಟ್ಟಾಗಿ ಹಂಚಿಕೊಳ್ಳುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹಾಟ್‌ಸ್ಪಾಟ್ ಹಾಕಿದ ಹುಡುಗ ಹುಡುಗಿಯರಿಗೆ ಊರು ಏನಾದರೂ ಒಂದು ಕೊಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಕೊಟ್ಟದ್ದು ಅವರ ದಿನದ ಪೂರ್ತಿ ಡೇಟಾ.

ದಿನದ ಡೇಟಾ ಅಂದೆನಲ್ಲ, ಅದರ ಲೆಕ್ಕಾಚಾರವೇ ಒಂದು ವಿಚಿತ್ರ. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ. ಮಧ್ಯರಾತ್ರಿ ಹನ್ನೆರಡಕ್ಕೆ ಹಳೆಯದು ಹೋಯಿತು, ಹೊಸದು ಬಂತು. ಹಾಗಾಗಿ ರಾತ್ರಿ ಹನ್ನೊಂದು ಗಂಟೆಗೆ ಮನುಷ್ಯರೆಲ್ಲ ಭಾರಿ ಉದಾರಿಗಳು. ‘ಇನ್ನೂ ಮುಕ್ಕಾಲು ಜಿಬಿ ಉಂಟು, ಬೇಕಾ?’ ಅಂತ ತಾವೇ ಕರೆದು ಕೊಡುತ್ತಾರೆ. ಬೆಳಿಗ್ಗೆ ಅದೇ ಜನ ಸ್ವಲ್ಪ ಯೋಚಿಸುತ್ತಾರೆ, ಅದೂ ಸಹಜವೇ, ಇಡೀ ದಿನ ಮುಂದೆ ಇದೆಯಲ್ಲ. ಖಾಲಿಯಾದ ಮೇಲೆ ಪೂರ್ತಿ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಒಂದು ಎಂಬಿಯ ಫೋಟೊ ಬರಲಿಕ್ಕೆ ಎರಡು ನಿಮಿಷದ ಮೇಲೆ ಬೇಕು ಆ ಓಟದಲ್ಲಿ. ಆದರೆ ವಾಟ್ಸಾಪಿನ ಅಕ್ಷರದ ಸಂದೇಶ ಹೋಗುತ್ತದೆ, ಬರುತ್ತದೆ. ‘ತಲುಪಿದೆವು’ ಅನ್ನುವ ಒಂದು ಶಬ್ದಕ್ಕೆ ಅಷ್ಟು ಸಾಕು.

ಕೊಡುವವರಿಗೆ ನಿಜವಾದ ಪೆಟ್ಟು ಬೀಳುವುದು ತೆಗೆದುಕೊಂಡವರು ಕೇಳಿದ ಕೆಲಸದಿಂದಲ್ಲ, ಅವರ ಫೋನು ತಾನಾಗಿ ಮಾಡುವ ಕೆಲಸದಿಂದ. ನೆಂಟರು ಒಂದು ಇಮೇಲ್ ನೋಡಲಿಕ್ಕೆ ಅಂತ ಹಾಟ್‌ಸ್ಪಾಟ್ ಹಿಡಿಯುತ್ತಾರೆ. ಅವರ ಫೋನಿಗೋ, ಅದು ವೈಫೈ. ವೈಫೈ ಅಂದರೆ ಮನೆಯ ಬ್ರಾಡ್‌ಬ್ಯಾಂಡ್, ಎಷ್ಟಾದರೂ ಎಳೆಯಬಹುದು ಅಂತ ಅದರ ನಂಬಿಕೆ. ಮೊನ್ನೆ ಮದುವೆಯ ಫೋಟೊಗಳನ್ನೆಲ್ಲ ಮೇಲಕ್ಕೆ ಕಳಿಸಲು ಶುರು, ಆ್ಯಪುಗಳ ಅಪ್‌ಡೇಟ್ ಶುರು. ಪಾಪ, ನೆಂಟರಿಗೆ ಗೊತ್ತೇ ಇರುವುದಿಲ್ಲ. ಇಮೇಲ್ ತೆರೆಯುವುದರೊಳಗೆ ಅರ್ಧ ಜಿಬಿ ಮಂಗಮಾಯ. ಇದಕ್ಕೊಂದು ಚಂದದ ಏರ್ಪಾಡು ಇದೆ, ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಒಂದು ಆಂಡ್ರಾಯ್ಡ್ ಫೋನು ಇನ್ನೊಂದು ಆಂಡ್ರಾಯ್ಡಿಗೆ ಹಾಟ್‌ಸ್ಪಾಟ್ ಕೊಡುವಾಗ, ವಿಳಾಸ ಕೊಡುವ ಹೊತ್ತಿನಲ್ಲೇ ಮೆಲ್ಲಗೆ ಒಂದು ಮಾತು ಸೇರಿಸಿಬಿಡುತ್ತದೆ, ‘ಇದು ಅಳತೆಯ ಡೇಟಾ, ಜೋಕೆ’ ಅಂತ. ಆ ಫೋನೂ ಅರ್ಥ ಮಾಡಿಕೊಂಡು ಕೈ ಬಿಗಿ ಹಿಡಿಯುತ್ತದೆ. ಯಂತ್ರಗಳೊಳಗೇ ಇಷ್ಟು ದಾಕ್ಷಿಣ್ಯ ಇಟ್ಟ ಆ ಎಂಜಿನಿಯರು ಯಾರೋ, ದೊಡ್ಡ ಮನಸ್ಸಿನವರು. ಲ್ಯಾಪ್‌ಟಾಪಿಗೆ ಮಾತ್ರ ನಾವೇ ಹೇಳಬೇಕು. ವಿಂಡೋಸಿನಲ್ಲಿ ಆ ವೈಫೈಯ ಹೆಸರಿನ ಒಳಗೆ ಹೋದರೆ ಮೀಟರ್ಡ್ ಕನೆಕ್ಷನ್ ಅಂತ ಒಂದು ಗುಂಡಿ ಇದೆ, ಅದನ್ನು ಒತ್ತಿಟ್ಟರೆ ಅಪ್‌ಡೇಟುಗಳ ಹಾವಳಿ ಬಹುಪಾಲು ನಿಲ್ಲುತ್ತದೆ. ಐಫೋನಿನಲ್ಲಿ ಲೋ ಡೇಟಾ ಮೋಡ್, 2019ರಿಂದ ಇದೆ. ಇನ್ನೊಬ್ಬರ ಹಾಟ್‌ಸ್ಪಾಟ್ ಹಿಡಿಯುವ ಮೊದಲು ಇದನ್ನು ಒತ್ತಿಕೊಳ್ಳುವುದು, ಕೆಲಸ ಮುಗಿದ ಕೂಡಲೇ ಬಿಟ್ಟುಬಿಡುವುದು, ಇಷ್ಟು ಮಾಡಿದರೆ ಕೊಟ್ಟವರು ಇನ್ನೊಮ್ಮೆಯೂ ನಗುನಗುತ್ತ ಕೊಡುತ್ತಾರೆ.

ಐಫೋನ್ ಅಂದಾಗ ನೆನಪಾಯಿತು. ಅದರ ಹಾಟ್‌ಸ್ಪಾಟಿಗೆ ಒಂದು ನಾಚಿಕೆ ಸ್ವಭಾವ. ಆನ್ ಮಾಡಿ ಫೋನು ಕಿಸೆಗೆ ಹಾಕಿಕೊಂಡರೆ ಇನ್ನೊಬ್ಬರ ಪಟ್ಟಿಯಲ್ಲಿ ಅದರ ಹೆಸರೇ ಕಾಣುವುದಿಲ್ಲ. ‘ಆನ್ ಇದೆ ಕಣೋ’, ‘ಇಲ್ಲ ಕಣೋ ಕಾಣ್ತಿಲ್ಲ’ ಅಂತ ಇಬ್ಬರಿಗೂ ವಾದ. ಅದಕ್ಕೆ ಮದ್ದು ಸುಲಭ. ಆ ಸೆಟ್ಟಿಂಗಿನ ಪುಟವನ್ನು ತೆರೆದಿಟ್ಟುಕೊಂಡೇ ಕೂರಬೇಕು, ಇನ್ನೊಬ್ಬರು ಹಿಡಿದುಕೊಳ್ಳುವವರೆಗೂ. ಆಮೇಲೂ ಹಳೇ ಲ್ಯಾಪ್‌ಟಾಪಿಗೆ ಕಾಣದಿದ್ದರೆ ಅಲ್ಲೇ ಕೆಳಗೆ ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ ಅಂತ ಉದ್ದ ಹೆಸರಿನ ಒಂದು ಗುಂಡಿ, ಅದನ್ನು ಒತ್ತಿದರೆ ಫೋನು ನಾನು ಆಗ ಹೇಳಿದ 2.4ಕ್ಕೆ ಇಳಿಯುತ್ತದೆ. ಇನ್ನು ಪಟ್ಟಿಯಲ್ಲಿ ಕಾಣುವ ಹೆಸರುಗಳೋ! ಬಸ್‌ಸ್ಟ್ಯಾಂಡಿನಲ್ಲಿ ಕೂತು ವೈಫೈ ಪಟ್ಟಿ ತೆರೆದು ನೋಡಿ ಒಮ್ಮೆ, ಒಳ್ಳೇ ಹೊತ್ತು ಹೋಗುತ್ತದೆ. ಐಫೋನಿನವರ ಸ್ವಂತ ಹೆಸರು ಅಲ್ಲಿ ತಾನಾಗಿ ಕಂಡಿರುತ್ತದೆ, ಮಿಕ್ಕವರದ್ದು ಫೋನಿನ ಮಾಡೆಲ್ ನಂಬರು, ಮಧ್ಯೆ ಒಬ್ಬರು ಕುಲದೇವರ ಹೆಸರು, ಇನ್ನೊಬ್ಬರು ‘ಕೇಳಿ ಹಾಕ್ಕೊಳ್ಳಿ’ ಅಂತ ಬರೆದಿಟ್ಟಿರುತ್ತಾರೆ. ಆ ‘ಕೇಳಿ ಹಾಕ್ಕೊಳ್ಳಿ’ಯವರ ಪರಿಚಯ ಮಾಡಿಕೊಳ್ಳಬೇಕು ಅನ್ನಿಸುತ್ತದೆ ನನಗೆ.

ಪಾಸ್‌ವರ್ಡಿನ ಕತೆ ಇನ್ನೊಂದು. ಅರ್ಧ ಊರಿನ ಪಾಸ್‌ವರ್ಡು ಒಂದರಿಂದ ಎಂಟು, ಅಲ್ವಾ? ಐದಕ್ಕೋ ಆರಕ್ಕೋ ನಿಲ್ಲದೆ ಎಂಟರವರೆಗೆ ಯಾಕೆ ಹೋದರು ಅಂದರೆ, ವೈಫೈಯ ಕಟ್ಟಳೆಯೇ ಹಾಗೆ, ಎಂಟು ಅಕ್ಷರಕ್ಕಿಂತ ಕಮ್ಮಿ ಇದ್ದರೆ ಅದು ಒಪ್ಪುವುದಿಲ್ಲ. ಹೆಚ್ಚೆಂದರೆ 63 ಅಕ್ಷರ. ಸ್ವಲ್ಪ ಹುಷಾರಿನವರು ಗಟ್ಟಿ ಪಾಸ್‌ವರ್ಡ್ ಇಟ್ಟರೆ ಅದನ್ನು ಹೇಳುವುದೇ ಒಂದು ಪಾರಾಯಣ. ‘ದೊಡ್ಡ ಎಸ್ಸು, ಸಣ್ಣ ಎ, ಆಮೇಲೆ ಅಟ್ ದಿ ರೇಟು, ಸೊನ್ನೆ ಅಲ್ಲ, ಓ...’ ಈಗ ಅಷ್ಟು ಕಷ್ಟ ಇಲ್ಲ. 2019ರ ಆಂಡ್ರಾಯ್ಡ್ 10ರಿಂದ ಹಾಟ್‌ಸ್ಪಾಟಿನ ಪುಟದಲ್ಲೇ ಕ್ಯೂಆರ್ ಚೌಕ ಬರುತ್ತದೆ, ಕ್ಯಾಮೆರಾ ಹಿಡಿದರೆ ಮುಗಿಯಿತು. ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಡುವಷ್ಟೇ ಸಲೀಸು.

ಪಾಸ್‌ವರ್ಡ್ ಇಲ್ಲದೆ ಬಾಗಿಲು ತೆರೆದಿಡುವುದು ಮಾತ್ರ ಬೇಡ. ಎಲ್ಲರಿಗೂ ಕೊಡಬೇಕು ಅನ್ನುವ ನಾನೇ ಇದನ್ನೂ ಒತ್ತಿ ಹೇಳುತ್ತೇನೆ. 2008ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ಸ್ಫೋಟಗಳಾದವಲ್ಲ, ಅದಕ್ಕೆ ಕೆಲವೇ ನಿಮಿಷ ಮುಂಚೆ ಬೆದರಿಕೆಯ ಇಮೇಲು ಹೋಗಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕದವರ ಮನೆಯ ವೈಫೈ ಮೂಲಕ. ಯಾರೋ ಹೊರಗಿನಿಂದ ಅದನ್ನು ಬಳಸಿಕೊಂಡಿದ್ದರು. ಪೊಲೀಸರು ಹುಡುಕಿಕೊಂಡು ಹೋಗಿದ್ದು ಇವರ ಬಾಗಿಲಿಗೆ. ಅದರ ಮುಂದಿನ ವರ್ಷ ಮುಂಬೈ ಪೊಲೀಸರು ಲ್ಯಾಪ್‌ಟಾಪ್ ಹಿಡಿದು ಬೀದಿ ಬೀದಿ ತಿರುಗಿ, ಪಾಸ್‌ವರ್ಡಿಲ್ಲದ ವೈಫೈ ಎಲ್ಲೆಲ್ಲಿದೆ ಅಂತ ಹುಡುಕಿದರು. ನಮ್ಮ ಹೆಸರಿನ ಸಿಮ್ಮಿನಲ್ಲಿ ಹೊರಗೆ ಹೋದದ್ದಕ್ಕೆಲ್ಲ ಮೊದಲು ಕೇಳುವುದು ನಮ್ಮನ್ನೇ. ಗೊತ್ತಿದ್ದವರಿಗೆ ಧಾರಾಳ ಕೊಡೋಣ, ಗೊತ್ತಿಲ್ಲದವರು ಬಂದು ಕೇಳಿದರೆ ಮುಖ ನೋಡಿ, ಮಾತಾಡಿಸಿ ಕೊಡೋಣ.

ನಮ್ಮ ದೇಶದಲ್ಲಿ ಒಂದು ಪುಣ್ಯ, ಹಾಟ್‌ಸ್ಪಾಟ್ ಹಾಕಿದ್ದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿ ನೋಡಿ. 2010ರಲ್ಲಿ ಅಲ್ಲಿನ ಎಟಿ ಅಂಡ್ ಟಿ ಕಂಪನಿ ಫೋನಿನ ಇಂಟರ್ನೆಟ್ ಹಂಚಿಕೊಳ್ಳಲಿಕ್ಕೆ ಅಂತಲೇ ತಿಂಗಳಿಗೆ 20 ಡಾಲರ್ ಹೆಚ್ಚು ತೆಗೆದುಕೊಳ್ಳುತ್ತಿತ್ತು. ತಾನು ದುಡ್ಡು ಕೊಟ್ಟು ಕೊಂಡ ಡೇಟಾವನ್ನು ತನ್ನದೇ ಲ್ಯಾಪ್‌ಟಾಪಿಗೆ ಕೊಡಲು ಇನ್ನೊಮ್ಮೆ ದುಡ್ಡು! ಕಂಪನಿಗೆ ಹೇಗೆ ಗೊತ್ತಾಗುತ್ತದೆ ಅಂತೀರಾ? ಫೋನಿನಿಂದ ಹೊರಡುವ ಪ್ರತಿ ಕಂತೆಯ ಮೇಲೂ ಒಂದು ಅಂಕೆ ಇರುತ್ತದೆ, ಸಾಮಾನ್ಯವಾಗಿ 64. ದಾರಿಯಲ್ಲಿ ಒಂದೊಂದು ಕಟ್ಟೆ ದಾಟಿದಂತೆಲ್ಲ ಒಂದೊಂದು ಕಳೆಯುತ್ತ ಹೋಗುತ್ತದೆ. ಇನ್ನೊಂದು ಫೋನು ನಮ್ಮ ಫೋನಿನ ಮೂಲಕ ಕಳಿಸಿದರೆ ನಮ್ಮ ಫೋನೇ ಒಂದು ಕಟ್ಟೆ ಆಯಿತು, ಟವರಿಗೆ ಮುಟ್ಟುವಾಗ 63. ಆ ಒಂದು ಕಮ್ಮಿಯಾದದ್ದನ್ನು ನೋಡಿಯೇ ಹಿಂದೆ ಇನ್ನೊಬ್ಬರಿದ್ದಾರೆ ಅಂತ ತಿಳಿದುಕೊಳ್ಳಬಹುದು. ಹಂಚಿಕೊಳ್ಳುವ ಆ್ಯಪುಗಳನ್ನು ತಡೆದ ಪ್ರಕರಣದಲ್ಲಿ 2012ರಲ್ಲಿ ವೆರೈಜನ್ ಕಂಪನಿ ಅಲ್ಲಿನ ಸಂಪರ್ಕ ಆಯೋಗಕ್ಕೆ 12.5 ಲಕ್ಷ ಡಾಲರ್ ಕಟ್ಟಬೇಕಾಯಿತು. ಸರಿಯಾಗಿಯೇ ಆಯಿತು ಅಂತ ನನ್ನ ಅಭಿಪ್ರಾಯ. ಕೊಂಡ ಮೇಲೆ ಅದು ನಮ್ಮದು, ಪಕ್ಕದವರಿಗೆ ಕೊಡುತ್ತೇವೋ ಬಿಡುತ್ತೇವೋ ಅದು ನಮ್ಮಿಷ್ಟ ಇರಬೇಕು.

ಈಗ ಫೈಬರ್ ಬಂತು, ಊರ ಪೇಟೆಯಲ್ಲಿ 5ಜಿ ಬಂತು, ಇನ್ನು ಹಾಟ್‌ಸ್ಪಾಟ್ ಯಾರಿಗೆ ಬೇಕು ಅಂತ ಮೊನ್ನೆ ಯಾರೋ ಅಂದರು. ಫೈಬರ್ ಬರಲಿ, ಬಹಳ ಒಳ್ಳೆಯದು. ಆದರೆ ಆಷಾಢದ ಗಾಳಿಗೆ ಒಂದು ಕೊಂಬೆ ಬಿದ್ದರೆ ಕೇಬಲ್ ತುಂಡು. ಕರೆಂಟು ಹೋಗಿ ಎರಡು ದಿನವಾದರೆ ಟವರಿನ ಬ್ಯಾಟರಿಯೂ ಖಾಲಿ, ಜನರೇಟರಿಗೆ ಡೀಸೆಲ್ ತಂದು ಹಾಕುವವರು ಬರಬೇಕು. ಆಗ ಯಾವುದೋ ಒಂದು ಕಂಪನಿಯ ಟವರು ಉಸಿರಾಡುತ್ತಿರುತ್ತದೆ, ಆ ಸಿಮ್ಮು ಇದ್ದ ಒಂದು ಮನೆಯೇ ಇಡೀ ಕೇರಿಗೆ ಆಧಾರ. ಹಾಗಾಗಿ ಕೇರಿಯಲ್ಲಿ ಎಲ್ಲರೂ ಒಂದೇ ಕಂಪನಿಯ ಸಿಮ್ ಇಟ್ಟುಕೊಳ್ಳುವುದು ಬೇಡ ಅಂತ ನನ್ನ ವಾದ. ನೀವು ಒಂದು ಇಟ್ಟುಕೊಳ್ಳಿ, ನಾವು ಇನ್ನೊಂದು, ಮೇಲಿನಮನೆಯವರು ಮತ್ತೊಂದು. ಏನಂತೀರಿ?

ಕರೆಂಟಿಲ್ಲದ ಹೊತ್ತಿಗೆ ಇನ್ನೊಂದು ಉಪಾಯ. ಹಾಟ್‌ಸ್ಪಾಟ್ ಹಾಕಿದ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಗಳಗಳ ಇಳಿಯುತ್ತದೆ. ಎರಡು ರೇಡಿಯೋ ಒಟ್ಟಿಗೆ ನಡೆಸಬೇಕಲ್ಲ, ಅದರಲ್ಲೂ ದೂರದ ಟವರಿಗೆ ಕೂಗಿ ಕೂಗಿ ಹೇಳಬೇಕು. ಲ್ಯಾಪ್‌ಟಾಪಿಗೆ ಬೇಕಿದ್ದರೆ ಚಾರ್ಜಿಂಗ್ ವೈರಿನಿಂದಲೇ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಅಂತ ಒತ್ತಿ. ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ಟು, ಲ್ಯಾಪ್‌ಟಾಪಿನಿಂದ ಫೋನಿಗೆ ಕರೆಂಟು, ಒಂದೇ ವೈರಿನಲ್ಲಿ ಹೋಗುವುದೂ ಬರುವುದೂ. ಇದು ಹಳೇ ವಿದ್ಯೆಯೇ. ಆಂಡ್ರಾಯ್ಡಿನಲ್ಲಿ ಹಾಟ್‌ಸ್ಪಾಟ್ ಬಂದದ್ದು 2010ರ 2.2ರಲ್ಲಿ. ಅದಕ್ಕೂ ಮುಂಚೆ ನೋಕಿಯಾ ಫೋನಿಗೆ ವೈರು ಹಾಕಿ, ಕಂಪ್ಯೂಟರಿನಿಂದ ಸ್ಟಾರ್ 99 ಹ್ಯಾಶ್ ಅಂತ ಡಯಲ್ ಮಾಡಿ ಇಂಟರ್ನೆಟ್ ಹತ್ತುತ್ತಿದ್ದವರು ನಮ್ಮಲ್ಲೂ ಇದ್ದರು. ಒಂದು ಪರೀಕ್ಷೆಯ ಫಲಿತಾಂಶ ನೋಡಲು ಅರ್ಧ ಊರು ಆ ಕಂಪ್ಯೂಟರಿನ ಮುಂದೆ ನಿಂತಿರುತ್ತಿತ್ತು, ಪುಟ ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ಇಳಿಯುವುದನ್ನು ನೋಡುತ್ತ.

ಹಾಂ, ವೈರು ಯಾವುದು ಅಂತ ನೋಡಿಕೊಳ್ಳಿ. ಅಗ್ಗದ ಕೆಲವು ವೈರುಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾದ ತಂತಿಯೇ ಇರುವುದಿಲ್ಲ. ಅದನ್ನು ಹಾಕಿದರೆ ಫೋನು ಚಾರ್ಜ್ ಆಗುತ್ತದೆ, ಟೆದರಿಂಗಿನ ಗುಂಡಿ ಮಾತ್ರ ಮಸುಕಾಗಿಯೇ ಕೂತಿರುತ್ತದೆ, ಒತ್ತಿದರೂ ಏಳುವುದಿಲ್ಲ. ಫೋನ್ ಕೆಟ್ಟಿದೆ ಅಂತ ಪೇಟೆಗೆ ಓಡಬೇಡಿ ಮತ್ತೆ. ನಮ್ಮಲ್ಲಿ ಡೇಟಾದ್ದು ಒಂದು ಹೆಚ್ಚಿಗೆ ಇದೆ, ಹುಡುಗನ ಕೈಲಿ ಸಂಜೆ ಕಳಿಸಿಕೊಡುತ್ತೇನೆ.